ಟ್ಯಾಂಕು ಕಟ್ಟಿಸಿದವರು ಯಾರು?

ಭರಮಸಾಗರದ ಬಸ್ ಸ್ಟ್ಯಾಂಡಿನೆದುರು ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಅಕ್ಕನ ಮಗ ಗುಟ್ಟು ಹೇಳಿದ: "ಮಾವ, ಇನ್ಮೇಲೆ ಸರ್ಕಾರಿ ನೇಮಕಾತಿಗೂ ಎಐ ಬರುತ್ತಂತೆ." ಕೆಎಎಸ್ ಆಕಾಂಕ್ಷಿ. ವಯಸ್ಸು ಕೇಳಬಾರದು, ಅವನ ಕಣ್ಣು ತುಂಬುತ್ತದೆ.

"ಬರೋದೇನು ಬಂತು? ಬಂದು ಡುಮ್ಕಿನೂ ಹೊಡೀತಲ್ಲೋ" ಎಂದೆ.

ಮರೆತವರಿಗಾಗಿ ಹೇಳುತ್ತೇನೆ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕೆಪಿಎಸ್‌ಸಿ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಅವತ್ತು ಮಂಗಳವಾರ, ಕೆಲಸದ ದಿನ. ಪತ್ರಿಕೆಯಲ್ಲಿದ್ದ ಕನ್ನಡ ಯಾವ ತಾಯಿ ಹೆತ್ತದ್ದೋ ತಿಳಿಯದೆ, ಗೂಗಲ್‌ಗೆ ಹಾಕಿ ತೆಗೆದದ್ದೇ ಇರಬೇಕೆಂದು ಅಭ್ಯರ್ಥಿಗಳು ಗುಲ್ಲೆಬ್ಬಿಸಿದರು. ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಅರ್ಥ ತಿಳಿಯಲು ಇಂಗ್ಲಿಷ್ ಪ್ರಶ್ನೆ ಓದಬೇಕಾಯಿತು. ಎರಡು ತಿಂಗಳೊಳಗೆ ಮರುಪರೀಕ್ಷೆ ಎಂದರು ಮುಖ್ಯಮಂತ್ರಿ ಸಿದ್ದರಾಮಯ್ಯ. ಆಯೋಗದ ಕ್ಯಾಲೆಂಡರಿನಲ್ಲಿ ಆ ಎರಡು ತಿಂಗಳು ಡಿಸೆಂಬರ್ 29ಕ್ಕೆ ಮುಗಿದವು. ಆ ಪತ್ರಿಕೆಯಲ್ಲೂ ಅನುವಾದದ ಅದೇ ಗೋಳು! ರಾಜ್ಯದಲ್ಲಿ 2.5 ಲಕ್ಷಕ್ಕೂ ಮೀರಿ ಹುದ್ದೆ ಖಾಲಿ ಬಿದ್ದಿರುವಾಗ 384ಕ್ಕೇ ಈ ಪಾಡು.

ನಮ್ಮಲ್ಲಿ ಯಂತ್ರ ಅಪಾಯಕಾರಿ ಆಗುವುದು ಅಭ್ಯರ್ಥಿಯ ಕಿವಿಯೊಳಗಿದ್ದಾಗ ಮಾತ್ರ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣ ಆಯಿತು, 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಯ ಬ್ಲೂಟೂತ್ ಪ್ರಕರಣ ಆಯಿತು. ಪರೀಕ್ಷಾ ಪ್ರಾಧಿಕಾರ ತುಂಬುತೋಳಿನ ಅಂಗಿಗೂ ನಿಷೇಧ ಹಾಕಿತು. ಸರಿಯೇ. ಯಂತ್ರ ಕೇಳಿ ಉತ್ತರ ಬರೆದವನಿಗೆ ಜೈಲು. ಆಕಾಂಕ್ಷಿಗಳ ದೂರು ನಿಜವಾದರೆ, ಯಂತ್ರದ ಕೈಲಿ ಪ್ರಶ್ನೆ ಬರೆಸಿದವರಿಗೆ? ಹೊಣೆಗಾರರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ ಎಂದು ಮುಖ್ಯಮಂತ್ರಿಗಳೇ ತಿಳಿಸಿದರು. ಇವನಿಗೆ ಬಂಧನ, ಅವರಿಗೆ ಬಿಡುಗಡೆ.

ಯಂತ್ರವನ್ನು ನಾನು ಬೈಯುವುದಿಲ್ಲ. ಅದು ಮೀಸಲಾತಿ, ಶಿಫಾರಸು ಯಾವುದೂ ಕೇಳದೆ ಕೊಟ್ಟದ್ದನ್ನು ಅರೆದು ಕೊಡುತ್ತದೆ. ಆಯೋಗದ ಉದ್ಯೋಗ ಸೌಧದಲ್ಲಿ ಕನ್ನಡ ಬಲ್ಲ ಒಬ್ಬರು ಪತ್ರಿಕೆಯನ್ನೊಮ್ಮೆ ಗಟ್ಟಿಯಾಗಿ ಓದಿದ್ದರೆ ಸಾಕಿತ್ತು. ಗೋಪ್ಯತೆಯ ಪ್ರಶ್ನೆ ಇದ್ದೀತು: ಪತ್ರಿಕೆ ಸೋರಬಾರದೆಂದು ಅರ್ಥವನ್ನೂ ಸೋರಗೊಟ್ಟಿಲ್ಲ.

"ನಾಳೆ ನಮ್ಮೂರಿನ ಮೇಲೇ ಒಂದು ಪ್ರಶ್ನೆ ಬಂತು ಅಂತಿಟ್ಕೋ" ಎಂದೆ. ಇಂಗ್ಲಿಷಿನವರು ಕೆರೆಗೆ ಟ್ಯಾಂಕ್ ಎನ್ನುತ್ತಾರೆ. ಯಂತ್ರ ಅದನ್ನು ಇದ್ದ ಹಾಗೇ ಇಳಿಸಿ, 'ಭರಮಸಾಗರದ ಟ್ಯಾಂಕನ್ನು ಕಟ್ಟಿಸಿದವರು ಯಾರು?' ಎಂದು ಕೇಳಿತು ಅನ್ನಿ. ಕೆರೆ ಎಂದಿದ್ದರೆ ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕ ಎಂದು ಇಲ್ಲಿ ದನ ಕಾಯುವ ಹುಡುಗನೂ ಹೇಳುತ್ತಾನೆ. ಎರಡು ಅಂಕ.

ಅಕ್ಕನ ಮಗ ಮಿರ್ಚಿ ಕೆಳಗಿಟ್ಟು, ನಾಲ್ಕು ಕಾಲಿನ ಮೇಲೆ ನಿಂತಿದ್ದ ನೀರಿನ ಟ್ಯಾಂಕನ್ನೇ ಬಹಳ ಹೊತ್ತು ದಿಟ್ಟಿಸಿದ.

"ಆ ಕಂಟ್ರಾಕ್ಟರ್ ಹೆಸರು ಯಾವ ಬುಕ್ಕಿನಾಗೈತೆ ಮಾವ?"