ರಿವರ್ಸ್ ಇಲ್ಲದ ರಾಯರು

ನಮ್ಮ ಬೀದಿಯ ಕೊನೆಯ ಮನೆಯ ರಾಯರಿಗೆ ಎಡಮಂಡಿ ನೋವು ಶುರುವಾದದ್ದು ಬ್ಯಾಂಕಿನಿಂದ ನಿವೃತ್ತರಾದ ವರ್ಷ. ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ, ಕ್ಲಚ್ಚು ತುಳಿದೂ ತುಳಿದೂ ಸವೆದ ಮಂಡಿ ಅದು. ಮೂಳೆ ಡಾಕ್ಟರು ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿ ಎಂದರು. ರಾಯರು ಹೋಗಿ ಆಟೊಮ್ಯಾಟಿಕ್ ಕಾರು ತಂದರು. "ನನಗೆ ರಿಟೈರ್‌ಮೆಂಟ್ ಆಯ್ತು, ಎಡಗಾಲಿಗೆ ವಿಆರ್‌ಎಸ್ ಕೊಟ್ಟುಬಿಟ್ಟೆ" ಎಂದು ಬೀದಿಗೆಲ್ಲ ಸಾರಿದರು.

ಹೊಸದರ ಬೆಲೆ ಕೇಳಿ ಎದೆ ನೋಯಬಾರದೆಂದು ಸೆಕೆಂಡ್ ಹ್ಯಾಂಡ್ ನೋಡಿದ್ದರು. ಮದುವೆಮನೆಯ ಸಾಮಾನೆಲ್ಲ ಹಿಡಿಸುವಂಥ ಡಿಕ್ಕಿಯಿದ್ದ, ಉದ್ದನೆಯ ಬಿಳಿ ಸೆಡಾನು. ಬ್ರೋಕರು ಹೇಳಿದ್ದು ಮೂರೇ ಮಾತು: "ಡಾಕ್ಟರ್ ಗಾಡಿ ಸಾರ್. ಸಿಂಗಲ್ ಓನರ್. ಮನೆಯಿಂದ ನರ್ಸಿಂಗ್ ಹೋಮು, ನರ್ಸಿಂಗ್ ಹೋಮಿಂದ ಮನೆ." ರಾಯರು ಟೈರಿಗೆ ಒಂದು ಒದೆ ಕೊಟ್ಟು, ಬಾನೆಟ್ ಎತ್ತಿಸಿ, ಸಾಲದ ಅರ್ಜಿ ನೋಡುವ ಮುಖ ಮಾಡಿ ಇಣುಕಿದರು. ಚೌಕಾಸಿ ಮಾಡಿ ಇಪ್ಪತ್ತು ಸಾವಿರ ಇಳಿಸಿದರು. ಆ ಇಪ್ಪತ್ತು ಸಾವಿರದ ಕಥೆಯನ್ನು ನಾವು ಮೂರು ತಿಂಗಳು ಕೇಳಿದೆವು. ಡಾಕ್ಟರು ಯಾಕೆ ಮಾರಿದರು ಎಂದು ಕೇಳುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅದು ಡಾಕ್ಟರು ಕೈಬಿಟ್ಟ ಕೇಸು ಎಂದು ತಿಳಿಯುವ ಹೊತ್ತಿಗೆ ಆರ್‌ಸಿ ರಾಯರ ಹೆಸರಿಗಾಗಿತ್ತು.

ಮೊದಲ ಲಕ್ಷಣ ಕಂಡದ್ದು ಗಾಳಿ ಆಂಜನೇಯನ ಗುಡಿಯ ಮುಂದೆ, ವಾಹನ ಪೂಜೆಯ ದಿನ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ರಾಯರು ಕಡ್ಡಿಯನ್ನು 'ಡಿ'ಗೆ ಎಳೆದು ಆಕ್ಸಿಲರೇಟರ್ ಒತ್ತಿದರು. ಗಾಡಿ ಅಲುಗಲಿಲ್ಲ. ಎರಡು ಸೆಕೆಂಡು ಏನೋ ಯೋಚಿಸಿತು. ಆಮೇಲೆ 'ಟಡಕ್' ಎಂದು ಜಿಗಿಯಿತು. ಅರ್ಚಕರು ಮಂಗಳಾರತಿ ತಟ್ಟೆಯ ಸಮೇತ ಮೆಟ್ಟಿಲ ಮೇಲಿದ್ದರು. ರಾಯರು ಕಿಟಕಿ ಇಳಿಸಿ, "ಪಿಕಪ್ಪು ಅಂದ್ರೆ ಇದು!" ಎಂದರು.

ಅಂದಿನಿಂದ ಆ ಟಡಕ್ಕಿಗೆ ನೂರೆಂಟು ಕಾರಣ ಹುಟ್ಟಿದವು. ಪೆಟ್ರೋಲು ಕಲಬೆರಕೆ, ಪಾಲಿಕೆಯ ಹಂಪು ಅವೈಜ್ಞಾನಿಕ, ಮೊನ್ನೆ ಮಳೆ ಬಂತು, ಮೊನ್ನೆ ಮಳೆ ಬರಲಿಲ್ಲ, ಹಿಂದಿನ ಸೀಟಿನಲ್ಲಿ ಭಾವಮೈದ ಕೂತಿದ್ದ. ಗಾಡಿಯದು ತಪ್ಪು ಎಂಬ ಒಂದು ಮಾತನ್ನು ಬಿಟ್ಟು ಉಳಿದೆಲ್ಲವೂ ರಾಯರ ಬಾಯಲ್ಲಿ ಬಂದವು. ಬೆಳಗಿನ ವಾಕಿಂಗಿನಲ್ಲಿ ನಾವೆಲ್ಲ ಬಿಪಿ, ಶುಗರು ಎನ್ನುವಾಗ ರಾಯರು ಕಾರಿನ ವರದಿ ಒಪ್ಪಿಸುವರು: "ಬೆಳಿಗ್ಗೆ ಖಾಲಿ ಹೊಟ್ಟೇಲಿ ನಾರ್ಮಲ್ಲು. ಜಯನಗರ ದಾಟಿ ಬಿಸಿ ಆದ ಮೇಲೆ ಸ್ವಲ್ಪ ಏರುತ್ತೆ, ಅಷ್ಟೆ."

ವಿದ್ಯೆ ಮಾತ್ರ ಭರ್ಜರಿಯಾಗಿ ಬೆಳೆಯಿತು. ಮದುವೆಮನೆಯಲ್ಲಿ ಯಾರಾದರೂ ಆಟೊಮ್ಯಾಟಿಕ್ ಇಟ್ಟವರು ಸಿಕ್ಕರೆ ಗೋತ್ರ ಕೇಳದೆ ಬಿಡರು. ಟಾರ್ಕ್ ಕನ್ವರ್ಟರ್ ಎಂದರೆ ಹಳೇ ಮನೆತನ. ಎಣ್ಣೆಯ ಸುಳಿಯಲ್ಲೇ ಶಕ್ತಿ ದಾಟಿಸುವ ವಂಶ, 1940ರ ಮಾಡೆಲ್ ಓಲ್ಡ್ಸ್‌ಮೊಬೈಲಿನ ಹೈಡ್ರಾಮ್ಯಾಟಿಕ್ಕು ಅದರ ಮೂಲಪುರುಷ. ಸಿವಿಟಿ ಎಂದರೆ ಬೆಲ್ಟು, ಪುಲ್ಲಿ. ಗೇರೇ ಇಲ್ಲ, ಹಿಟ್ಟಿನ ಗಿರಣಿಯ ನೆಂಟಸ್ತಿಕೆ. ಎಎಂಟಿ ಎಂದ ಕೂಡಲೇ ರಾಯರ ಮೂಗು ಮೇಲೇರುವುದು. "ಅದು ಮಾಮೂಲಿ ಗೇರ್‌ಬಾಕ್ಸೇ ಕಣ್ರೀ, ಕ್ಲಚ್ ಒತ್ತೋಕೆ ಒಬ್ಬ ಆಳನ್ನ ಇಟ್ಟಿದಾರೆ. 2014ರಲ್ಲಿ ಸೆಲೆರಿಯೊ ಬಂತು ನೋಡಿ, ಆಮೇಲೆ ಎಲ್ಲರೂ ಆಟೊಮ್ಯಾಟಿಕ್ ಜನವೇ!" ಹಾಗಾದರೆ ನಿಮ್ಮದು ಎಂದು ಕೇಳಲೇಬೇಕು. "ಡ್ಯುಯಲ್ ಕ್ಲಚ್ಚು, ಏಳು ಗೇರು" ಎಂದು, ಡಬಲ್ ಗ್ರಾಜುಯೇಟ್ ಅಳಿಯನ ವಿಷಯ ಹೇಳುವ ಮಾವನಂತೆ ಹೇಳುವರು.

ಈ ಡ್ಯುಯಲ್ ಕ್ಲಚ್ಚಿನ ಮರ್ಮ ನನಗೆ ತಿಳಿದದ್ದು ರಾಯರಿಂದಲ್ಲ, ಅವರ ಮನೆಯಾಕೆಯಿಂದ. ಒಂದು ಭಾನುವಾರ ದೋಸೆಗೆ ಕರೆದಿದ್ದರು. ರಾಯರು ಲೋಟ, ಚಮಚ ಜೋಡಿಸಿ ಪಾಠ ಶುರುಮಾಡಿದರು: "ಒಂದು ಕ್ಲಚ್ಚಿನ ಕೈಯಲ್ಲಿ ಒಂದು, ಮೂರು, ಐದು, ಏಳು. ಇನ್ನೊಂದರ ಕೈಯಲ್ಲಿ ಎರಡು, ನಾಲ್ಕು, ಆರು, ರಿವರ್ಸು. ಒಂದು ಓಡಿಸ್ತಿರುವಾಗ ಇನ್ನೊಂದು ಮುಂದಿನ ಗೇರು ಹಾಕ್ಕೊಂಡು ರೆಡಿ ಇರುತ್ತೆ."

ಅಡುಗೆಮನೆಯಿಂದ ದನಿ ಬಂತು: "ಅತ್ತೆ ಸೊಸೆ ಅನ್ನಿ. ನಾನು ಈ ಕಾವಲಿಯಿಂದ ದೋಸೆ ಎತ್ತೋ ಹೊತ್ತಿಗೆ ಅವಳು ಆ ಕಾವಲೀಲಿ ಹುಯ್ದಿರ್ತಾಳೆ."

"ನೋಡಿ, ಎಷ್ಟು ಚೆನ್ನಾಗಿ ಹೇಳಿದಳು!"

"ಹೌದೂಂದ್ರೆ, ಅಷ್ಟು ಹೊತ್ತಿಗೆ ನೀವು ದೋಸೆ ಬೇಡ, ಉಪ್ಪಿಟ್ಟು ಮಾಡಿ ಅಂದ್ರೆ?"

ರಾಯರು ಚಟ್ನಿ ಕಡೆ ತಿರುಗಿದರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಗುತ್ತಿದ್ದದ್ದು ಅದೇ. ಎರಡನೇ ಗೇರಿನಲ್ಲಿರುವ ಗಾಡಿ ಮೂರನೆಯದನ್ನು ಹಾಕಿಕೊಂಡು ಕಾದಿರುತ್ತದೆ. ಮುಂದಿನ ಬಸ್ಸು ಗಕ್ಕನೆ ನಿಂತು, ಬೇಕಾದದ್ದು ಒಂದನೆಯದು ಎಂದಾಗ ಹಾಕಿದ್ದನ್ನು ಬಿಚ್ಚಿ ಇನ್ನೊಂದನ್ನು ಹಾಕಬೇಕು. ಆ ಗಡಿಬಿಡಿಯೇ ಟಡಕ್ಕು. ಸಾಲದ್ದಕ್ಕೆ ರಾಯರದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚು. ಗಂಟೆಗಟ್ಟಲೆ ಇರುವೆ ಸಾಲಿನಲ್ಲಿ ತೆವಳುವಾಗ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜಿಕೊಂಡೇ ಇರುತ್ತದೆ, ಕಾಯುತ್ತದೆ. "ಎಣ್ಣೆ ಹಾಕದ ಕಾವಲಿ ಸೀಯದೆ ಇರುತ್ತಾ?" ಎಂದು ಆಕೆ ಕೇಳಿದ್ದಕ್ಕೆ ಇಂಜಿನಿಯರಿಂಗ್ ಓದಿದ ಮಗನೂ ಉತ್ತರ ಕೊಡಲಿಲ್ಲ.

ಕೊನೆಗೆ ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿಗೆ ಕರೆದೊಯ್ದರು, ಸಾಕ್ಷಿಗೆ ನನ್ನನ್ನೂ. ಮೇಸ್ತ್ರಿ ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ಟಡಕ್ಕೆಂದಿದ್ದ ಗಾಡಿ, ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನದ ಹುಡುಗನಂತೆ, ಒಂದರಿಂದ ಏಳರವರೆಗೆ ತಡವರಿಸದೆ ಮಗ್ಗಿ ಒಪ್ಪಿಸಿತು. ರಾಯರು ನನ್ನನ್ನು ಗೆದ್ದವರ ಹಾಗೆ ನೋಡಿದರು. ಮೇಸ್ತ್ರಿ ಮಾತ್ರ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ತಲೆ ಕೆರೆದು, "ಗೇರ್‌ಬಾಕ್ಸ್ ಕೆಲಸಕ್ಕೆ ಬಂದಿದೆ ಸಾರ್" ಎಂದ.

"ಸದ್ಯ! ಈಗಲಾದರೂ ಕೆಲಸಕ್ಕೆ ಬಂತಲ್ಲ" ಎಂದರು ರಾಯರು.

ಕೆಲಸಕ್ಕೆ ಬರುವುದೆಂದರೆ ಇಳಿಸಿ ಬಿಚ್ಚುವುದು ಎಂದು ಮೇಸ್ತ್ರಿ ಬಿಡಿಸಿ ಹೇಳಿದ. ಆಯಿಲ್ ಎಂದಾದರೂ ಬದಲಾಯಿಸಿದ್ದೀರಾ ಎಂದು ಕೇಳಿದ. ಅದು ಲೈಫ್‌ಟೈಮ್ ಆಯಿಲು ಎಂದರು ರಾಯರು. "ಯಾರ ಲೈಫ್‌ಟೈಮ್ ಸಾರ್? ಗಾಡೀದಾ, ನಿಮ್ದಾ?" ರಾಯರು ಸೆಕೆಂಡ್ ಒಪಿನಿಯನ್ ತಗೊಳ್ಳುತ್ತೇನೆಂದು ಎದ್ದರು. ಆರನೆಯ ಒಪಿನಿಯನ್ನಿನವರೆಗೆ ಹೋದರು. ಒಬ್ಬ ಹಣೆಗೆ ಕೈಯಿಟ್ಟ, ಒಬ್ಬ ಕಣ್ಣು ಮುಚ್ಚಿ ಕಿವಿಗೊಟ್ಟ. ಎಲ್ಲರೂ ಹೇಳಿದ್ದು ಒಂದೇ. "ಎಲ್ಲಾ ಒಂದೇ ಗ್ಯಾಂಗು" ಎಂದರು ರಾಯರು.

ಹೀಗಿರುವಾಗ ಒಂದು ದಿನ ಎರಡನೇ ಕ್ಲಚ್ಚಿನ ಕಡೆಯವರು ಮುಷ್ಕರ ಹೂಡಿದರು. ಎರಡು, ನಾಲ್ಕು, ಆರು ಹೋದವು. ಅವುಗಳ ಜೊತೆ ರಿವರ್ಸೂ ಹೋಯಿತು. ಬ್ಯಾಂಕಿನಲ್ಲಿ ಎಷ್ಟೋ ಬಂದ್ ಕಂಡ ರಾಯರು ಜಗ್ಗಲಿಲ್ಲ. "ಜೀವನದಲ್ಲಿ ಮುಂದೆ ಹೋದರೆ ಸಾಕು" ಎಂದು ಒಂದು ತಿಂಗಳು ಹಾಗೆಯೇ ಓಡಿಸಿದರು. ಆ ತಿಂಗಳು ರಾಯರು ಹೋದದ್ದೆಲ್ಲ ಮುಂದಕ್ಕೆ ದಾರಿಯಿರುವ ಜಾಗಗಳಿಗೆ. ಗಾಂಧಿ ಬಜಾರಿನ ತರಕಾರಿ ನಿಂತಿತು. ಯಾವ ಕಲ್ಯಾಣ ಮಂಟಪಕ್ಕೆ ಎರಡು ಗೇಟು ಎಂದು ವಿಚಾರಿಸಿಕೊಂಡು ಮುಯ್ಯಿ ಕವರು ಬರೆದರು. ಡೆಡ್ ಎಂಡಿನಲ್ಲಿ ಮನೆಯಿದ್ದ ಷಡ್ಡಕ, ರಾಯರು ಏನೋ ಮುನಿಸಿಕೊಂಡಿದ್ದಾರೆಂದು ಹಣ್ಣು ಹಿಡಿದುಕೊಂಡು ಬಂದು ಕ್ಷಮೆ ಕೇಳಿ ಹೋದ.

ತೊಂದರೆಯೆಂದರೆ ರಾಯರ ಮನೆಯೇ. ಸಂಜೆ ಮುಮ್ಮುಖವಾಗಿ ಗೇಟಿನೊಳಗೆ ಹೋದ ಗಾಡಿ ಬೆಳಿಗ್ಗೆ ಹಿಂದಕ್ಕೆ ಬರಬೇಕು. 'ಎನ್'ಗೆ ಹಾಕಿ ರಾಯರು ಸ್ಟೀರಿಂಗ್ ಹಿಡಿದು ಕೂರುವರು, ಬೀದಿಯ ನಾಲ್ಕು ಜನ ಬಾನೆಟ್ಟಿಗೆ ಕೈಕೊಟ್ಟು ತೇರು ತಳ್ಳಬೇಕು. ಹಿಂದಿನ ಅಂಬಾಸಿಡರನ್ನು ತಳ್ಳಿದರೆ ಸ್ಟಾರ್ಟಾದರೂ ಆಗುತ್ತಿತ್ತು. ಇದನ್ನು ತಳ್ಳಿದರೆ ಆ ಪುಣ್ಯವೂ ಇಲ್ಲ. ಒಂದು ಬೆಳಿಗ್ಗೆ ರಂಗೋಲಿ ಬಟ್ಟಲು ಹಿಡಿದ ಮನೆಯಾಕೆ ಗೇಟಿನ ಬಳಿ ನಿಂತು, "ತಳ್ಳಿ, ತಳ್ಳಿ. ನಾನು ಮೂವತ್ತೆಂಟು ವರ್ಷದಿಂದ ತಳ್ತಾ ಇದೀನಿ. ತಾನಾಗಿ ಹಿಂದೆ ಬಂದದ್ದು ಕಾಣೆ" ಎಂದರು. ಕಾರಿಗೆ ಅಷ್ಟು ವಯಸ್ಸಾಗಿರಲಿಲ್ಲ. ನಾವು ತಲೆ ತಗ್ಗಿಸಿ ತಳ್ಳಿದೆವು.

"ಮಾರಿಬಿಡಿ ರಾಯರೇ" ಎಂದೆ ನಾನು, ಉಸಿರು ತಿರುಗಿದ ಮೇಲೆ.

"ಮಾರೋದಾ? ಇಪ್ಪತ್ತು ಸಾವಿರ ಇಳಿಸಿ ತಗೊಂಡಿದೀನಿ ಸ್ವಾಮಿ!"

ರಿಪೇರಿ ಆದದ್ದು ಮಗನ ಬಲವಂತದಿಂದ. ಎರಡೂ ಕ್ಲಚ್ಚು ಹೊಸದು. ಗೇರು ಹಾಕುವ ಕೈ, ಯಾವ ಗೇರೆಂದು ನಿರ್ಧರಿಸುವ ತಲೆ, ಎರಡನ್ನೂ ಒಂದೇ ಡಬ್ಬಿಯಲ್ಲಿ ತುಂಬಿದ ಮೆಕಾಟ್ರಾನಿಕ್ಕೂ ಹೊಸದು. ಬಿಲ್ಲನ್ನು ರಾಯರು ನಾಲ್ಕಾಗಿ ಮಡಚಿ ಎಲ್‌ಐಸಿ ಫೈಲಿನೊಳಗೆ ಇಟ್ಟರು ಎಂಬುದಷ್ಟೇ ಬೀದಿಗೆ ಗೊತ್ತು.

ಈಗ ದಿನಾ ಬೆಳಿಗ್ಗೆ ಆರೂವರೆಗೆ ಗಾಡಿ ಗೇಟಿನಿಂದ ಹಿಂದಕ್ಕೆ ಬರುತ್ತದೆ, ಬೆಣ್ಣೆಯಂತೆ. ಬೀದಿಗೆಲ್ಲ ಗೊತ್ತಾಗಲೆಂದು ರಾಯರು ರಿವರ್ಸ್ ಹಾರ್ನ್ ಬೇರೆ ಹಾಕಿಸಿದ್ದಾರೆ. ಮೊನ್ನೆ ಅದರ ಸಂಗೀತಕ್ಕೇ ಎಚ್ಚರವಾಗಿ ಹೊರಗೆ ಬಂದೆ. ಕಿಟಕಿ ಇಳಿಸಿದರು.

"ನೋಡಿದಿರಾ? ನಾನು ಮೊದಲೇ ಹೇಳಿರಲಿಲ್ವಾ, ಗಾಡಿ ಚಿನ್ನ ಅಂತ!"

"ಒಟ್ಟು ಎಷ್ಟಾಯ್ತು ರಾಯರೇ?" ಎಂದು ಕೇಳಿಯೇಬಿಟ್ಟೆ.

ರಾಯರು ಅಲುಗಲಿಲ್ಲ. ಎರಡು ಸೆಕೆಂಡು ಏನೋ ಯೋಚಿಸಿದರು. ಆಮೇಲೆ ಒಮ್ಮೆಲೇ ಜಿಗಿದರು:

"ಅದಿರಲಿ, ನಿಮ್ಮ ಎಡಮಂಡಿ ಹೇಗಿದೆ?"