ಸ್ಕೂಟರಿನ ಕೆಮ್ಮು

ದಹಿಸರ್ ಚೆಕ್‌ನಾಕಾದ ಹತ್ತಿರ ನನ್ನ ಸ್ಕೂಟರ್ ಎರಡು ಸಲ ಕೆಮ್ಮಿ ನಿಂತಿತು. ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ನಾನು ಕರ್ನಾಟಕದವನೆಂದು ತಿಳಿದದ್ದೇ ತಡ, ಮೆಕ್ಯಾನಿಕ್ "ಆವೋ ಶೆಟ್ಟಿ ಸಾಬ್!" ಎಂದ. ಮುಂಬಯಿಯಲ್ಲಿ ಕನ್ನಡಿಗರೆಲ್ಲ ಶೆಟ್ಟರು, ಶೆಟ್ಟರೆಲ್ಲ ಹೋಟೆಲ್ ಮಾಲೀಕರು. ನಾನೋ ಗುಮಾಸ್ತ, ಇಡ್ಲಿ ತಿಂದು ಗೊತ್ತು, ಮಾರಿ ಗೊತ್ತಿಲ್ಲ.

ಅವನು ಇಂಜಿನ್ನಿಗೆ ಕಿವಿಗೊಟ್ಟು, ಐಸಿಯುವಿನಿಂದ ಹೊರಬಂದ ಡಾಕ್ಟರಂತೆ ತಲೆಯಾಡಿಸಿದ. ಕಾರ್ಬೊರೇಟರ್, ಕ್ಲಚ್, ಬೆಲ್ಟ್, ಬ್ರೇಕ್ ಶೂ... ಒಟ್ಟು 3,400 ರೂಪಾಯಿ. ಕೆಮ್ಮಿಗೂ ಬ್ರೇಕಿಗೂ ಏನು ಸಂಬಂಧವೆಂದು ಕೇಳಲಿಲ್ಲ. ನನ್ನ ಹಿಂದಿ ಅಷ್ಟು ದೂರ ಓಡುವುದಿಲ್ಲ.

ಹೆಂಡತಿಗೆ ಫೋನ್ ಮಾಡಿದೆ. "ಅವನ ಕೈಗೆ ಕೊಡ್ರೀ" ಎಂದಳು. ತರಕಾರಿ ಮಾರ್ಕೆಟ್ಟಿನಲ್ಲಿ ಮಸೆದ ಮರಾಠಿ ಅವಳದು. ಬಿಚ್ಚಿದ ಹಳೇ ಸಾಮಾನೆಲ್ಲ ವಾಪಸ್ ಬೇಕು, ಪಕ್ಕಾ ಬಿಲ್ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ತಪ್ಪೇ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಲೇ?

ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ ಹಾಕಿದ. ಸ್ಕೂಟರ್ ಒಂದೇ ಒದೆಗೆ ಎದ್ದಿತು. ನೂರೈವತ್ತು ರೂಪಾಯಿ.

ಬಿಲ್ಲೂ ಕೊಟ್ಟ. ಅದರಲ್ಲಿ ನನ್ನ ಹೆಸರು ಮಾತ್ರ ಶೆಟ್ಟಿ ಅಂತಲೇ ಇದೆ.