ಮೂಳೆಗೆ ಸುಣ್ಣ, ಜೇಬಿಗೆ ಬೆಣ್ಣೆ

ಮೂಳೆ ಗಟ್ಟಿ ಮಾಡುವ ಪುಡಿಯ ಡಬ್ಬದ ಮೇಲೆ ನಿಜ ಹೇಳುವ ಸಾಲು ಒಂದೇ. ಅದನ್ನು ಓದಲು ಡಬ್ಬ ತಿರುಗಿಸಿ ಕನ್ನಡಕ ಹುಡುಕಬೇಕು: ‘ಔಷಧಿಯಾಗಿ ಬಳಸಲು ಅಲ್ಲ’. ಪೂರಕ ಆಹಾರವೆಂದು ಮಾರುವವರು ಇದನ್ನು ಅಚ್ಚು ಹಾಕಲೇಬೇಕೆಂಬುದು ಸರ್ಕಾರದ ನಿಯಮ. ಮುಂಭಾಗಕ್ಕೆ ಅಂಥ ಕಟ್ಟುಪಾಡಿಲ್ಲವಾದ್ದರಿಂದ ಅಲ್ಲಿ ಐವತ್ತರ ಮಹಿಳೆಯೊಬ್ಬಳು ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರುತ್ತಿರುತ್ತಾಳೆ.

ಡಬ್ಬ ಖರ್ಚಾಗಬೇಕಾದರೆ ಗಿರಾಕಿ ಬೇಕಲ್ಲ? ಗಿರಾಕಿಯನ್ನು ತಯಾರಿಸುವ ಉದ್ಯಮ ನಮ್ಮಲ್ಲಿ ಅಚ್ಚುಕಟ್ಟಾಗಿ ಬೆಳೆದಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಹೊಟ್ಟೆನೋವು, ಬಿಳಿಮುಟ್ಟು ಎಂದು ಖಾಸಗಿ ಆಸ್ಪತ್ರೆಗೆ ಹೋದರೆ ಸಲಹೆಯ ಧಾಟಿ ಇದು: “ಮಕ್ಕಳು ಆಗ್ಯಾವಲ್ಲವ್ವ, ಇನ್ನ ಗರ್ಭಚೀಲ ಯಾಕ ಬೇಕು? ಇಟ್ಟಕೊಂಡ್ರ ಕ್ಯಾನ್ಸರ್ ಆಗ್ತದ.” ಮೂವತ್ತು ಮೂವತ್ತೈದರ ಹೆಂಗಸು ಸಾಲ ಮಾಡಿ ಹೆಬ್ಬೆಟ್ಟು ಒತ್ತುತ್ತಾಳೆ. 2015ರಲ್ಲಿ ವಿಷಯ ಬಯಲಾದ ಮೇಲೆ ಸರ್ಕಾರ ತನಿಖೆ ಎಂದಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ನ್ಯಾಯಾಲಯದ ಮೂರು ತಿಂಗಳು ಸರ್ಕಾರಿ ಪಂಚಾಂಗದಲ್ಲಿ ಎಷ್ಟಾಗುತ್ತದೆಂದು ಬಲ್ಲವರು ಬಲ್ಲರು.

ಗರ್ಭಕೋಶದ ಜೊತೆಗೆ ಅಂಡಾಶಯಗಳೂ ಎಷ್ಟೋ ಸಲ ಹೋಗುತ್ತವೆ, ಕೊಸರಿನ ಲೆಕ್ಕದಲ್ಲಿ. ಕೊಸರೇ ದುಬಾರಿ. ಮೂಳೆಯಲ್ಲಿ ಕೆಡವುವ ಕೋಶಗಳೂ ಇವೆ, ಕಟ್ಟುವ ಕೋಶಗಳೂ ಇವೆ; ಕೆಡವುವವರ ಕೈ ಹಿಡಿದು ನಿಲ್ಲಿಸುವುದು ಅಂಡಾಶಯದ ಈಸ್ಟ್ರೋಜನ್. ಮುಟ್ಟು ನಿಂತ ಹೆಂಗಸರ ಮೂಳೆ ಸವೆತಕ್ಕೂ ಈಸ್ಟ್ರೋಜನ್ ಕೊರತೆಗೂ ಇರುವ ನಂಟನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ಸುಮಾರಿಗೇ ಗುರುತಿಸಿದ್ದರು. ಸಹಜವಾಗಿ ಮುಟ್ಟು ನಿಲ್ಲುವವಳಿಗೆ ಹಾರ್ಮೋನ್ ಮೆಲ್ಲಗೆ ಇಳಿಯುತ್ತದೆ. ಎರಡೂ ಅಂಡಾಶಯ ಕಳೆದುಕೊಂಡವಳಿಗೆ ಬೆಳಿಗ್ಗೆ ಇದ್ದದ್ದು ಸಂಜೆಗಿಲ್ಲ. ಮೊದಲ ಕೆಲವು ವರ್ಷಗಳಲ್ಲೇ ಮೂಳೆ ದಡದಡನೆ ಸವೆಯುತ್ತದೆ. ಇದಕ್ಕೆ ನಾವು ಕೊಡುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು, ಸ್ಟ್ರಾಬೆರಿ ರುಚಿಯಲ್ಲಿ. ಮೇಸ್ತ್ರಿಯನ್ನು ಓಡಿಸಿ ಅಂಗಳದಲ್ಲಿ ಸುಣ್ಣದ ಮೂಟೆ ಇಳಿಸುತ್ತ ಹೋದರೆ ಗೋಡೆ ತಾನಾಗಿ ಏಳುತ್ತದೆಯೆ?

ಏಕೆ ಹೀಗೆ ಎಂದರೆ ‘ಹಾರ್ಮೋನ್ ಅಪಾಯಕಾರಿ’ ಎಂಬ ಉತ್ತರ ಸಿದ್ಧವಿದೆ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನ ಹಾರ್ಮೋನ್ ಮಾತ್ರೆಯಿಂದ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಕೊಂಚ ಹೆಚ್ಚುತ್ತವೆ ಎಂದಿತು, ಜಗತ್ತು ಬೆಚ್ಚಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದೂ, ಅವರಲ್ಲಿ ಸೊಂಟದ ಮೂಳೆ ಮುರಿತ ಕಡಿಮೆಯಾಯಿತೆಂಬುದೂ ಗದ್ದಲದಲ್ಲಿ ಕಿವಿಗೆ ಬೀಳಲಿಲ್ಲ. ಅರುವತ್ಮೂರರ ಅಜ್ಜಿಯ ಭಯವನ್ನು ಮೂವತ್ತೈದರ ಮೊಮ್ಮಗಳ ತಲೆಗೆ ಕಟ್ಟಿದೆವು. ನಲವತ್ತೈದಕ್ಕೆ ಮೊದಲೇ ಅಂಡಾಶಯ ಹೋದವರಿಗೆ, ಸ್ತನ ಕ್ಯಾನ್ಸರಿನಂಥ ಅಡ್ಡಿಯಿಲ್ಲದಿದ್ದರೆ, ಸುಮಾರು ಐವತ್ತರವರೆಗೆ ಹಾರ್ಮೋನ್ ಕೊಡಿ ಎಂದು ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ.

ತಮಾಷೆ ಇರುವುದು ಮುಂದೆ. ಅದೇ ಅಧ್ಯಯನದವರು 2006ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಮುಟ್ಟು ನಿಂತ 36,282 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ಏಳು ವರ್ಷ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ವಿಟಮಿನ್ ಡಿ. ಉಳಿದವರಿಗೆ ಸತ್ವವಿಲ್ಲದ ಮಾತ್ರೆ. ಸೊಂಟದ ಮೂಳೆಯ ಸಾಂದ್ರತೆಯಲ್ಲಿ ಬಂದ ವ್ಯತ್ಯಾಸ ಶೇ. 1ರಷ್ಟು. ಸೊಂಟ ಮುರಿಯುವುದು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇ. 17 ಹೆಚ್ಚಿತು, ಸುಣ್ಣ ಗಟ್ಟಿಯಾದದ್ದು ನಿಜ, ಜಾಗ ತಪ್ಪಿತು ಅಷ್ಟೆ. ಈ ವರದಿಗೆ ಯಾರೂ ಬೆಚ್ಚಲಿಲ್ಲ. ವಿಟಮಿನ್ ಡಿ ಜಾಸ್ತಿಯಾದರೆ ಒಳ್ಳೆಯದೇ ಎನ್ನುವವರಿಗೂ ಒಂದು ಮಾತು: ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಒಂದೇ ಗುಟುಕಿನಲ್ಲಿ ಐದು ಲಕ್ಷ ಯೂನಿಟ್ ಕುಡಿಸಿ ನೋಡಿದರು. ಕುಡಿದವರೇ ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು.

ಕ್ಯಾಲ್ಸಿಯಂ ಬೇಡವೆಂದಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. 100 ಗ್ರಾಂ ರಾಗಿಯಲ್ಲೇ 350ರ ಆಸುಪಾಸು ಸಿಗುತ್ತದೆ. ಹಾಲು, ಮೊಸರು, ಎಳ್ಳು, ಸೊಪ್ಪು ಸೇರಿದರೆ ಬಹುಪಾಲು ಅಡುಗೆಮನೆಯಲ್ಲೇ ಮುಗಿಯುತ್ತದೆ, ಸಾಲದ್ದಕ್ಕೆ ಮಾತ್ರೆ. ಆದರೆ ಮುದ್ದೆಗೆ ಏಜೆಂಟರಿಲ್ಲ, ಬರೆದುಕೊಟ್ಟ ವೈದ್ಯರಿಗೆ ಗೋವಾ ಟ್ರಿಪ್ಪೂ ಇಲ್ಲ.

ಅಂಡಾಶಯ ಇದೆಯೋ ಹೋಗಿದೆಯೋ ಎಂಬುದು ಎಷ್ಟೋ ಹೆಂಗಸರಿಗೆ ಗೊತ್ತೇ ಇರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘ಬಿಎಸ್‌ಒ’ ಎಂದು ಮೂರಕ್ಷರ ಗೀಚಿದ್ದರೆ ಎರಡೂ ಹೋದವು ಎಂದರ್ಥ. ಇದನ್ನೇ ಕನ್ನಡದಲ್ಲಿ ಬರೆದು ಕೊಡಿ ಎಂದರೆ ವೈದ್ಯಕೀಯ ಪದಗಳಿಗೆ ಕನ್ನಡ ಸಾಲದು ಎಂಬ ವಿನಯ. ಅದೇ ಕಟ್ಟಡದ ಕ್ಯಾಶ್ ಕೌಂಟರಿನಲ್ಲಿ ‘ಬಾಕಿ ಹಣ ಕಟ್ಟದೆ ರೋಗಿಯನ್ನು ಬಿಡಲಾಗುವುದಿಲ್ಲ’ ಎಂದು ತೂಗುಹಾಕಿದ ಬೋರ್ಡಿಗೆ ಮಾತ್ರ ಕನ್ನಡ ಧಾರಾಳವಾಗಿ ಸಾಕಾಗಿದೆ, ಕೆಂಪು ಬಣ್ಣದಲ್ಲಿ.